ಒಂದೇ ಪ್ರೋಟೀನಿನ ಮೇಲೆ ಹಲವು ಗುರುತು: ಯಾವುದರ ಮಾತು ನಡೆಯುತ್ತದೆ?

ಪ್ರಶ್ನೆ: ನಾನು ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಫಾಸ್ಫೇಟ್ ಬಂದು ಕೂತರೆ ಪ್ರೋಟೀನ್ ಕೆಲಸ ಶುರು ಮಾಡುತ್ತದೆ, ಯುಬಿಕ್ವಿಟಿನ್ ಕೂತರೆ ಅದರ ಕತೆ ಮುಗಿಯಿತು, ಅಸಿಟೈಲ್ ಕೂತರೆ ಜೀನ್ ತೆರೆದುಕೊಳ್ಳುತ್ತದೆ ಅಂತ ಕಲಿತಿದ್ದೇವೆ. ಆದರೆ ಸಂಶೋಧನಾ ಪ್ರಬಂಧಗಳನ್ನು ನೋಡಿದರೆ ಒಂದೇ ಪ್ರೋಟೀನಿನ ಮೇಲೆ ಈ ರಾಸಾಯನಿಕ ಗುರುತುಗಳೆಲ್ಲ ಇರುತ್ತವೆ. ಆಗ ಯಾವುದರ ಮಾತು ನಡೆಯುತ್ತದೆ? ಒಂದು ಗುರುತು ಇನ್ನೊಂದರ ಮೇಲೆ ಪ್ರಭಾವ ಬೀರುತ್ತದೆ ಅಂತ ಪ್ರಯೋಗದಲ್ಲಿ ತೋರಿಸುವುದು ಹೇಗೆ?

ಉತ್ತರ: ನೀವು ಹೇಳಿದ ಪಟ್ಟಿ ಪರೀಕ್ಷೆ ಬರೆಯಲು ಸಾಕು, ಪ್ರಯೋಗ ಮಾಡಲು ಸಾಲದು. ಫಾಸ್ಫೇಟಿಗೆ ಅಂತ ಒಂದು ಸ್ಥಿರವಾದ ಅರ್ಥ ಇಲ್ಲ. ಯುಬಿಕ್ವಿಟಿನ್‌ಗೂ ಇಲ್ಲ. ಗುರುತು ಯಾವ ಜಾಗದಲ್ಲಿ ಕೂತಿದೆ, ಅದರ ಪಕ್ಕದಲ್ಲಿ ಏನಿದೆ, ಅದಕ್ಕಿಂತ ಮೊದಲು ಏನು ಬಂದಿತ್ತು, ಆ ಹೊತ್ತಿನಲ್ಲಿ ಅದನ್ನು ಹಿಡಿಯುವ ಪ್ರೋಟೀನ್ ಹತ್ತಿರ ಇದೆಯೇ ಇಲ್ಲವೇ, ಇಷ್ಟೂ ಸೇರಿ ಪರಿಣಾಮ ತೀರ್ಮಾನವಾಗುತ್ತದೆ. ಇದನ್ನು ಸುಮ್ನೆ ತತ್ವದಂತೆ ಹೇಳಿದರೆ ಪ್ರಯೋಜನ ಇಲ್ಲ. ಚೆನ್ನಾಗಿ ಅಧ್ಯಯನವಾಗಿರುವ ಕೆಲವು ಪ್ರೋಟೀನ್‌ಗಳನ್ನೇ ನೋಡೋಣ.

ಮೊದಲು ಎರಡು ಮಾತು ಬೇಗ ಮುಗಿಸುತ್ತೇನೆ, ನಿಮಗೆ ಗೊತ್ತಿರುವುದೇ. ಫಾಸ್ಫೇಟ್ ಮುಖ್ಯವಾಗಿ ಸೆರೀನ್, ಥ್ರಿಯೊನೀನ್, ಟೈರೊಸೀನ್ ಎಂಬ ಅಮೈನೋ ಆಮ್ಲಗಳ ಮೇಲೆ ಕೂರುತ್ತದೆ. ಅದು ಕೂತ ಜಾಗಕ್ಕೆ ಋಣ ವಿದ್ಯುದಂಶ ಬರುತ್ತದೆ. ಲೈಸೀನ್ ಎಂಬ ಇನ್ನೊಂದು ಅಮೈನೋ ಆಮ್ಲದ ಮೇಲೆ ಅಸಿಟೈಲ್, ಮೀಥೈಲ್ ಕೂರಬಹುದು. 76 ಅಮೈನೋ ಆಮ್ಲಗಳ ಯುಬಿಕ್ವಿಟಿನ್ ಎಂಬ ಇಡೀ ಪ್ರೋಟೀನೇ ಬಂದು ಅಂಟಿಕೊಳ್ಳಬಹುದು. ಅಸಿಟೈಲ್ ಕೂತರೆ ಲೈಸೀನಿನ ಧನ ವಿದ್ಯುದಂಶ ಹೋಗುತ್ತದೆ, ಮೀಥೈಲ್ ಕೂತರೆ ಹೋಗುವುದಿಲ್ಲ. ಹಾಕುವ ಕಿಣ್ವಗಳು ಬೇರೆ, ತೆಗೆಯುವ ಕಿಣ್ವಗಳು ಬೇರೆ. ಫಾಸ್ಫೇಟ್ ಹಾಕುವ ಕೈನೇಸ್‌ಗಳೇ ಮನುಷ್ಯರಲ್ಲಿ 500ಕ್ಕಿಂತ ಜಾಸ್ತಿ ಇವೆ. ಈ ಹಾಕಿ ತೆಗೆಯುವ ಆಟವೇ ಪ್ರೋಟೀನನ್ನು ನಿಯಂತ್ರಿಸುತ್ತದೆ ಅಂತ 1950ರ ದಶಕದಲ್ಲಿ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ತೋರಿಸಿದರು. ಅದಕ್ಕೆ 1992ರಲ್ಲಿ ನೊಬೆಲ್ ಬಂತು.

ಈಗ ನಿಮ್ಮ ಪಟ್ಟಿಯ ಮೊದಲ ಸಾಲನ್ನೇ ಅಲುಗಾಡಿಸುವ ಉದಾಹರಣೆ. ಜೀವಕೋಶ ವಿಭಜನೆಗೆ ಹೊರಡಬೇಕಾದರೆ ಸಿಡಿಕೆ1 ಎಂಬ ಕೈನೇಸ್ ಎಚ್ಚರವಾಗಬೇಕು. ಅದರ 161ನೇ ಥ್ರಿಯೊನೀನ್ ಮೇಲೆ ಫಾಸ್ಫೇಟ್ ಬೇಕೇ ಬೇಕು, ಇಲ್ಲದಿದ್ದರೆ ಕೆಲಸ ಇಲ್ಲ. ಆದರೆ ಅದೇ ಪ್ರೋಟೀನಿನ 15ನೇ ಟೈರೊಸೀನ್ ಮೇಲೆ ಫಾಸ್ಫೇಟ್ ಕೂತರೆ ಕೆಲಸ ನಿಲ್ಲುತ್ತದೆ. ಯಾಕೆಂದರೆ ಆ ಜಾಗ ಫಾಸ್ಫೇಟ್ ಒದಗಿಸುವ ಎಟಿಪಿ ಅಣು ಬಂದು ಕೂರುವ ಕಡೆಗೇ ಇದೆ. ಎರಡೂ ಇದ್ದಾಗ? 15ನೆಯದರ ಮಾತೇ ನಡೆಯುತ್ತದೆ. ಅಂದರೆ ಗುರುತು ಒಂದೇ, ಪ್ರೋಟೀನ್ ಒಂದೇ, ಫಲ ಮಾತ್ರ ಪೂರ್ತಿ ಉಲ್ಟಾ.

ಹಾಗಾದರೆ ಎರಡೂ ಯಾಕೆ ಬೇಕು ಅಂತ ಕೇಳಬಹುದು. ಈ ಏರ್ಪಾಡಿನಿಂದ ಸಿಡಿಕೆ1 ಪೂರ್ತಿ ತಯಾರಾಗಿ, ತಡೆಯೊಂದನ್ನು ಹೊತ್ತು ಕಾಯುತ್ತಿರುತ್ತದೆ. ವೀ1 ಎಂಬ ಕಿಣ್ವ ಆ ತಡೆ ಹಾಕುತ್ತದೆ, ಸಿಡಿಸಿ25 ತೆಗೆಯುತ್ತದೆ. ತಡೆ ತೆಗೆದ ಸ್ವಲ್ಪ ಸಿಡಿಕೆ1 ಎಚ್ಚರವಾದ ಕೂಡಲೇ ಅದು ವೀ1ನ ಮೇಲೆ ಫಾಸ್ಫೇಟ್ ಹಾಕಿ ಅದನ್ನು ಸುಮ್ಮನಾಗಿಸುತ್ತದೆ, ಸಿಡಿಸಿ25ರ ಮೇಲೆ ಫಾಸ್ಫೇಟ್ ಹಾಕಿ ಅದನ್ನು ಇನ್ನಷ್ಟು ಚುರುಕು ಮಾಡುತ್ತದೆ. ಇಲ್ಲೂ ನೋಡಿ, ಒಂದೇ ಕೈನೇಸ್ ಹಾಕಿದ ಫಾಸ್ಫೇಟ್ ಒಬ್ಬರನ್ನು ನಿಲ್ಲಿಸಿತು, ಇನ್ನೊಬ್ಬರನ್ನು ಓಡಿಸಿತು. ಪರಿಣಾಮವಾಗಿ ಜೀವಕೋಶ ಅರ್ಧಂಬರ್ಧ ವಿಭಜನೆಗೆ ಇಳಿಯುವುದಿಲ್ಲ. ಇಳಿದರೆ ಪೂರ್ತಿ ಇಳಿಯುತ್ತದೆ. ಯೀಸ್ಟ್‌ನಲ್ಲಿ ವೀ1 ಕೆಟ್ಟಾಗ ಜೀವಕೋಶಗಳು ಬೆಳೆಯುವ ಮೊದಲೇ ಒಡೆದು ಚಿಕ್ಕದಾಗಿಯೇ ಉಳಿದಿದ್ದನ್ನು ಪಾಲ್ ನರ್ಸ್ ಗಮನಿಸಿದ್ದರು. ಈ ಕತೆಯ ಎಳೆ ಸಿಕ್ಕಿದ್ದು ಅಲ್ಲಿಂದ.

ಇನ್ನು ಸರದಿಯ ವಿಷಯ. ನನಗೆ ಈ ಕ್ಷೇತ್ರದಲ್ಲಿ ಅತಿ ಇಷ್ಟದ ಪ್ರೋಟೀನ್ ಬೀಟಾ-ಕ್ಯಾಟೆನಿನ್, ಯಾಕೆಂದರೆ ಅದರಲ್ಲಿ ಒಂದು ಗುರುತು ಇನ್ನೊಂದನ್ನು ಕರೆಯುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಬೆಳೆಯಲು ಹೇಳುವ ವಿಂಟ್ ಎಂಬ ಸಂಕೇತ ಇಲ್ಲದಾಗ ಬೀಟಾ-ಕ್ಯಾಟೆನಿನ್ ಜೀವಕೋಶದಲ್ಲಿ ಉಳಿಯಬಾರದು. ಉಳಿದರೆ ನ್ಯೂಕ್ಲಿಯಸ್ಸಿಗೆ ಹೋಗಿ ಬೆಳವಣಿಗೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಹಾಗಾಗಿ ಆಕ್ಸಿನ್ ಮತ್ತು ಎಪಿಸಿ ಎಂಬ ದೊಡ್ಡ ಪ್ರೋಟೀನ್‌ಗಳು ಅದನ್ನು ಹಿಡಿದುಕೊಳ್ಳುತ್ತವೆ. ಮೊದಲು ಸಿಕೆ1 ಎಂಬ ಕೈನೇಸ್ 45ನೇ ಸೆರೀನ್ ಮೇಲೆ ಫಾಸ್ಫೇಟ್ ಹಾಕುತ್ತದೆ. ಇಷ್ಟಕ್ಕೇ ಏನೂ ಆಗುವುದಿಲ್ಲ. ಆದರೆ ಆ ಫಾಸ್ಫೇಟ್ ಜಿಎಸ್‌ಕೆ3 ಎಂಬ ಇನ್ನೊಂದು ಕೈನೇಸ್‌ಗೆ ಆಧಾರ. ಅದು ಬಂದು 41, ಆಮೇಲೆ 37, ಆಮೇಲೆ 33ನೇ ಜಾಗಗಳಿಗೆ ಫಾಸ್ಫೇಟ್ ಹಾಕುತ್ತ ಹೋಗುತ್ತದೆ. ಲೆಕ್ಕ ನೋಡಿ: ಪ್ರತಿ ಬಾರಿಯೂ ನಾಲ್ಕು ಹೆಜ್ಜೆ ಹಿಂದಕ್ಕೆ. 33 ಮತ್ತು 37 ಎರಡರಲ್ಲೂ ಫಾಸ್ಫೇಟ್ ಬಂದ ಮೇಲೆ ಬೀಟಾ-ಟಿಆರ್‌ಸಿಪಿ ಎಂಬ ಪ್ರೋಟೀನ್ ಅದನ್ನು ಗುರುತಿಸಿ ಹಿಡಿಯುತ್ತದೆ. ಆಗ ಯುಬಿಕ್ವಿಟಿನ್ ಸರಪಳಿ ಬೆಳೆಯುತ್ತದೆ, ಪ್ರೋಟಿಯಸೋಮ್ ಎಂಬ ಪ್ರೋಟೀನ್ ಒಡೆಯುವ ಯಂತ್ರ ಬೀಟಾ-ಕ್ಯಾಟೆನಿನ್ ಅನ್ನು ಪುಡಿ ಮಾಡುತ್ತದೆ.

ಈ ಸರದಿ ಗೊತ್ತಿಲ್ಲದಿದ್ದರೆ ಅರ್ಥವೇ ಆಗದ ಒಂದು ಸಂಗತಿ ಇದೆ. ಕರುಳು, ಯಕೃತ್ತು ಮುಂತಾದ ಕಡೆಯ ಕೆಲವು ಕ್ಯಾನ್ಸರ್‌ಗಳಲ್ಲಿ 33, 37, 41, 45 ಈ ನಾಲ್ಕು ಜಾಗಗಳಲ್ಲೇ ಮ್ಯುಟೇಷನ್‌ಗಳು ಮತ್ತೆ ಮತ್ತೆ ಸಿಗುತ್ತವೆ. 33 ಮತ್ತು 37 ಕೆಟ್ಟರೆ ಬೀಟಾ-ಟಿಆರ್‌ಸಿಪಿಗೆ ಹಿಡಿತ ಸಿಗುವುದಿಲ್ಲ, ಸರಿ. ಆದರೆ 45? ಅದನ್ನು ಬೀಟಾ-ಟಿಆರ್‌ಸಿಪಿ ಮುಟ್ಟುವುದೇ ಇಲ್ಲ. ಆದರೂ ಅಲ್ಲಿ ಸೆರೀನ್ ಹೋದರೆ ಪ್ರೋಟೀನ್ ಉಳಿದುಬಿಡುತ್ತದೆ. ಮೊದಲ ಗುರುತು ಬರದೆ ಉಳಿದವು ಸರಿಯಾಗಿ ಬರಲಿಲ್ಲ, ಅಷ್ಟೇ.

ಜಿಎಸ್‌ಕೆ3ಗೆ ಇಂಥ ಮೊದಲ ಫಾಸ್ಫೇಟ್ ಯಾಕೆ ಬೇಕು? ಅದರ ಮೈಯಲ್ಲಿ ಧನ ವಿದ್ಯುದಂಶದ ಮೂರು ಅಮೈನೋ ಆಮ್ಲಗಳು ಸೇರಿ ಒಂದು ಗುಳಿ ಮಾಡಿವೆ. ಗುರಿ ಪ್ರೋಟೀನಿನ ಮೇಲೆ ಮೊದಲೇ ಇರುವ ಫಾಸ್ಫೇಟ್ ಆ ಗುಳಿಯಲ್ಲಿ ಕೂತಾಗ, ಅದರಿಂದ ನಾಲ್ಕು ಹೆಜ್ಜೆ ಹಿಂದಿನ ಸೆರೀನ್ ಸರಿಯಾಗಿ ಕಿಣ್ವದ ಕೆಲಸದ ಜಾಗಕ್ಕೆ ಬರುತ್ತದೆ. ಇದರಲ್ಲೊಂದು ಸೊಗಸು ಇದೆ. ಇನ್ಸುಲಿನ್ ಬಂದಾಗ ಎಕೆಟಿ ಎಂಬ ಕೈನೇಸ್ ಜಿಎಸ್‌ಕೆ3-ಬೀಟಾದ 9ನೇ ಸೆರೀನ್ ಮೇಲೆ ಫಾಸ್ಫೇಟ್ ಹಾಕುತ್ತದೆ. ಆಗ ಜಿಎಸ್‌ಕೆ3ಯ ಸ್ವಂತ ತುದಿಯೇ ಮಡಚಿಕೊಂಡು ಬಂದು ಅದೇ ಗುಳಿಯಲ್ಲಿ ಕೂರುತ್ತದೆ. ಗುರಿ ಪ್ರೋಟೀನಿಗೆ ಜಾಗ ಇಲ್ಲ. ಜಿಎಸ್‌ಕೆ3ಯ ಗುರಿಗಳಲ್ಲೊಂದಾದ ಗ್ಲೈಕೋಜನ್ ಸಿಂಥೇಸ್ ಎಂಬ ಕಿಣ್ವದ ಮೇಲೆ ಹೊಸ ಫಾಸ್ಫೇಟ್ ಬೀಳುವುದು ಕಡಿಮೆಯಾಗುತ್ತದೆ, ಅದು ಎಚ್ಚರವಾಗಿ ಗ್ಲೂಕೋಸನ್ನು ಗ್ಲೈಕೋಜನ್ ಆಗಿ ಕೂಡಿಡುತ್ತದೆ. ಆದರೆ ಆಕ್ಸಿನ್ ಜೊತೆ ಇರುವ ಜಿಎಸ್‌ಕೆ3 ಇನ್ಸುಲಿನ್ ಮಾತನ್ನು ಅಷ್ಟಾಗಿ ಕೇಳುವುದಿಲ್ಲ. ಹಾಗಾಗಿಯೇ ಪ್ರತಿ ಊಟದ ನಂತರ ನಮ್ಮ ಬೀಟಾ-ಕ್ಯಾಟೆನಿನ್ ಏರಿ ಕೂರುವುದಿಲ್ಲ. ಒಂದೇ ಕಿಣ್ವ ಎರಡು ದಾರಿಯಲ್ಲಿ ಇದ್ದರೂ ಯಾರ ಜೊತೆಗಿದೆ ಅನ್ನುವುದು ಲೆಕ್ಕಕ್ಕೆ ಬರುತ್ತದೆ.

ಇದು ಕರೆಯುವ ಸಂಬಂಧ. ಇದರ ಎದುರು ಬದಿಯಲ್ಲಿ ಜಗಳದ ಸಂಬಂಧ ಇದೆ. ಲೈಸೀನನ್ನು ಒಂಟಿ ಕುರ್ಚಿ ಅಂದುಕೊಳ್ಳಿ. ಅಸಿಟೈಲ್ ಕೂತಿದ್ದರೆ ಯುಬಿಕ್ವಿಟಿನ್ ನಿಂತೇ ಇರಬೇಕು. ಕ್ಯಾನ್ಸರ್ ತಡೆಯುವ ಪಿ53 ಪ್ರೋಟೀನಿನ ಬಾಲದ ತುದಿಯಲ್ಲಿ ಹೀಗೆ ಆರು ಲೈಸೀನ್‌ಗಳಿವೆ. ಎಂಡಿಎಂ2 ಎಂಬ ಕಿಣ್ವ ಅವುಗಳಿಗೆ ಯುಬಿಕ್ವಿಟಿನ್ ಹಾಕಿ ಪಿ53ಯನ್ನು ನಾಶಕ್ಕೆ ಕಳಿಸುತ್ತದೆ. ಪಿ300 ಎಂಬ ಕಿಣ್ವ ಅವುಗಳಲ್ಲೇ ಹಲವಕ್ಕೆ ಅಸಿಟೈಲ್ ಹಾಕುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಎಟಿಎಂ ಕೈನೇಸ್ ಪಿ53ಯ ಇನ್ನೊಂದು ತುದಿಯಲ್ಲಿ, 15ನೇ ಸೆರೀನ್ ಮೇಲೆ ಫಾಸ್ಫೇಟ್ ಹಾಕುತ್ತದೆ. 20ನೇ ಸೆರೀನ್ ಮೇಲೂ ಫಾಸ್ಫೇಟ್ ಬರುತ್ತದೆ. ಇದರಿಂದ ಎಂಡಿಎಂ2ನ ಹಿಡಿತ ಸಡಿಲವಾಗುತ್ತದೆ, ಪಿ300ನ ಹಿಡಿತ ಬಿಗಿಯಾಗುತ್ತದೆ. ತಲೆಯ ಕಡೆಯ ಫಾಸ್ಫೇಟ್ ಬಾಲದ ಕಡೆಯ ಲೈಸೀನ್ ಯಾರ ಪಾಲಾಗಬೇಕು ಅಂತ ನಿರ್ಧರಿಸಲು ಸಹಾಯ ಮಾಡಿತು. ನಡುವೆ 300ಕ್ಕೂ ಹೆಚ್ಚು ಅಮೈನೋ ಆಮ್ಲಗಳ ಅಂತರ ಇದೆ.

ಕತೆ ಚೆನ್ನಾಗಿದೆ ಅಲ್ವಾ? ಇಲ್ಲೇ ಸ್ವಲ್ಪ ಹುಷಾರಾಗಿರಬೇಕು. ಈ ಲೈಸೀನ್‌ಗಳನ್ನೆಲ್ಲ ಅರ್ಜಿನೀನ್ ಆಗಿ ಬದಲಿಸಿದ ಇಲಿಗಳನ್ನು ಸಂಶೋಧಕರು ಮಾಡಿದರು, 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಆ ಇಲಿಗಳು ಹೆಚ್ಚುಕಡಿಮೆ ಸಾಮಾನ್ಯವಾಗಿಯೇ ಇದ್ದವು. ಪಿ53ಯ ಪ್ರಮಾಣವೂ ದೊಡ್ಡದಾಗಿ ಏರುಪೇರಾಗಲಿಲ್ಲ. ಅಂದರೆ ಆ ಬಾಲದ ಗುರುತುಗಳು ನಿಯಂತ್ರಣವನ್ನು ನಯಗೊಳಿಸುತ್ತವೆ, ಆದರೆ ಅವಿಲ್ಲದೆಯೂ ಪಿ53 ನಾಶವಾಗಲು ಬೇರೆ ದಾರಿಗಳಿವೆ. ತಟ್ಟೆಯಲ್ಲಿ ಬೆಳೆಸಿದ ಜೀವಕೋಶದಲ್ಲಿ ಕಂಡ ನೇರ ಕತೆ ಇಡೀ ಪ್ರಾಣಿಯಲ್ಲಿ ಅಷ್ಟು ನೇರವಾಗಿರಬೇಕಿಲ್ಲ. ಪಿ53 ಬಗ್ಗೆ ಬರುವ ಬಾಣದ ಗುರುತಿನ ಚಿತ್ರಗಳನ್ನು ನಾನು ಆ ಎಚ್ಚರದಲ್ಲೇ ನೋಡುತ್ತೇನೆ, ನೀವೂ ಹಾಗೇ ನೋಡಿ.

ಈಗ ಹಿಸ್ಟೋನ್‌ಗೆ, ಅಂದರೆ ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್‌ಗೆ ಬರೋಣ. ಈ ವಿಷಯ ಹೆಚ್ಚಾಗಿ ಚರ್ಚೆಯಾಗಿರುವುದು ಅಲ್ಲೇ. ಎಚ್3 ಹಿಸ್ಟೋನಿನ 9ನೇ ಲೈಸೀನ್ ಮೇಲೆ ಮೂರು ಮೀಥೈಲ್ ಕೂತರೆ ಎಚ್‌ಪಿ1 ಎಂಬ ಪ್ರೋಟೀನ್ ಬಂದು ಅದನ್ನು ಹಿಡಿದುಕೊಳ್ಳುತ್ತದೆ. ಆ ಭಾಗದ ಡಿಎನ್‌ಎ ಒತ್ತೊತ್ತಾಗಿ ಮುಚ್ಚಿಕೊಂಡಿರುತ್ತದೆ. ಜೀವಕೋಶ ವಿಭಜನೆಯ ಸಮಯದಲ್ಲಿ ಎಚ್‌ಪಿ1ನ ಬಹುಪಾಲು ಅಲ್ಲಿಂದ ಕಳಚಿಕೊಳ್ಳುತ್ತದೆ. ಆದರೆ ಮೀಥೈಲ್ ಹಾಗೇ ಇರುತ್ತದೆ! ಇದು ಹೇಗೆ ಅನ್ನುವುದು ಬಹಳ ಕಾಲ ಒಗಟಾಗಿತ್ತು. ಉತ್ತರ 2005ರಲ್ಲಿ ಬಂತು. ಪಕ್ಕದ 10ನೇ ಸೆರೀನ್ ಮೇಲೆ ಅರೋರಾ ಬಿ ಕೈನೇಸ್ ಫಾಸ್ಫೇಟ್ ಹಾಕುತ್ತದೆ. ಆ ಫಾಸ್ಫೇಟ್ ಮೀಥೈಲನ್ನು ತೆಗೆಯುವುದಿಲ್ಲ, ಎಚ್‌ಪಿ1 ಹಿಡಿಯುವುದನ್ನು ಮಾತ್ರ ಕೆಡಿಸುತ್ತದೆ. ವಿಭಜನೆ ಮುಗಿದು ಫಾಸ್ಫೇಟ್ ಹೋದ ಮೇಲೆ ಎಚ್‌ಪಿ1 ವಾಪಸ್ ಬರುತ್ತದೆ. ಈ ಭಾಗ ಮುಚ್ಚಿರಬೇಕು ಎಂಬ ದಾಖಲೆ ಅಳಿಯಲಿಲ್ಲ, ಸ್ವಲ್ಪ ಹೊತ್ತು ಅದನ್ನು ಓದದಂತೆ ಮಾಡಲಾಯಿತು. ಮೀಥೈಲ್ ಇದೆಯೇ ಅಂತ ಮಾತ್ರ ಅಳೆದವರಿಗೆ ಇಲ್ಲಿ ಏನೂ ಬದಲಾಗಿಲ್ಲ ಅಂತಲೇ ಕಾಣುತ್ತದೆ.

ಒಂದು ಗುರುತಿನ ಪ್ರಭಾವ ಅದೇ ಪ್ರೋಟೀನಿನೊಳಗೆ ನಿಲ್ಲಬೇಕು ಅಂತಲೂ ಇಲ್ಲ. ಎಚ್2ಬಿ ಹಿಸ್ಟೋನ್ ಮೇಲೆ ಒಂದು ಯುಬಿಕ್ವಿಟಿನ್ ಕೂತರೆ ಪಕ್ಕದ ಎಚ್3ಯ 79ನೇ ಲೈಸೀನಿಗೆ ಮೀಥೈಲ್ ಹಾಕುವ ಡಾಟ್1 ಕಿಣ್ವ ಸರಿಯಾದ ಭಂಗಿಯಲ್ಲಿ ನಿಲ್ಲುತ್ತದೆ. ಗಮನಿಸಿ, ಈ ಯುಬಿಕ್ವಿಟಿನ್ ಯಾರನ್ನೂ ನಾಶಕ್ಕೆ ಕಳಿಸಲಿಲ್ಲ. ಯುಬಿಕ್ವಿಟಿನ್ ಸರಪಳಿಯಲ್ಲೂ ಬಗೆಗಳಿವೆ. ಯುಬಿಕ್ವಿಟಿನ್‌ನ 48ನೇ ಲೈಸೀನ್ ಮೂಲಕ ಬೆಳೆದ ಸರಪಳಿ ಸಾಮಾನ್ಯವಾಗಿ ಪ್ರೋಟಿಯಸೋಮ್ ಕಡೆಗೆ ಒಯ್ಯುತ್ತದೆ. 63ನೇ ಲೈಸೀನ್ ಮೂಲಕ ಬೆಳೆದದ್ದು ಹೆಚ್ಚಾಗಿ ಸಂಕೇತ ಸಾಗಿಸಲು, ಡಿಎನ್‌ಎ ರಿಪೇರಿಗೆ ಜನ ಸೇರಿಸಲು ಬಳಕೆಯಾಗುತ್ತದೆ.

ಇನ್ನೂ ಒಂದು ಮಜಾ ಇದೆ. ಗುರುತಿನ ಮೇಲೆಯೇ ಗುರುತು ಕೂರಬಹುದು. ಮೈಟೋಕಾಂಡ್ರಿಯಾ ಕೆಟ್ಟಾಗ ಪಿಂಕ್1 ಎಂಬ ಕೈನೇಸ್ ಅದರ ಹೊರಗೆ ಸೇರಿಕೊಂಡು, ಅಲ್ಲಿರುವ ಯುಬಿಕ್ವಿಟಿನ್‌ನ 65ನೇ ಸೆರೀನ್ ಮೇಲೆ ಫಾಸ್ಫೇಟ್ ಹಾಕುತ್ತದೆ. ಈ ಫಾಸ್ಫೇಟ್ ಇರುವ ಯುಬಿಕ್ವಿಟಿನ್ ಪಾರ್ಕಿನ್ ಎಂಬ ಕಿಣ್ವವನ್ನು ಎಳೆದುಕೊಂಡು ಅದರ ಮುಚ್ಚಿದ ಆಕಾರವನ್ನು ಸಡಿಲ ಮಾಡುತ್ತದೆ. ಆಗ ಪಿಂಕ್1 ಪಾರ್ಕಿನ್ ಮೇಲೂ ಫಾಸ್ಫೇಟ್ ಹಾಕುತ್ತದೆ. ಎಚ್ಚರವಾದ ಪಾರ್ಕಿನ್ ಇನ್ನಷ್ಟು ಯುಬಿಕ್ವಿಟಿನ್ ಅಂಟಿಸುತ್ತದೆ, ಪಿಂಕ್1 ಅದಕ್ಕೂ ಫಾಸ್ಫೇಟ್ ಹಾಕುತ್ತದೆ, ಹೀಗೆ ಬೆಳೆಯುತ್ತ ಹೋಗಿ ಆ ಕೆಟ್ಟ ಮೈಟೋಕಾಂಡ್ರಿಯಾ ವಿಲೇವಾರಿಯಾಗುತ್ತದೆ. ಈ ಎರಡು ಜೀನ್‌ಗಳಲ್ಲಿ ಯಾವುದು ಕೆಟ್ಟರೂ ಚಿಕ್ಕ ವಯಸ್ಸಿನಲ್ಲೇ ಪಾರ್ಕಿನ್ಸನ್ ಕಾಯಿಲೆ ಬರಬಹುದು. ಎರಡು ಬೇರೆ ಬೇರೆ ಜೀನ್‌ಗಳು ಒಂದೇ ಬಗೆಯ ಕಾಯಿಲೆ ತರುವುದಕ್ಕೆ ಈ ಕೊಂಡಿ ದೊಡ್ಡ ಕಾರಣ ಅಂತ ಈಗ ತಿಳಿಯಲಾಗಿದೆ.

ಸಕ್ಕರೆಯ ಗುರುತೂ ಇದೆ. ಒ-ಗ್ಲಿಕ್‌ನ್ಯಾಕ್ ಎಂಬ ಒಂದು ಸಕ್ಕರೆ ಸೆರೀನ್, ಥ್ರಿಯೊನೀನ್ ಮೇಲೆಯೇ ಕೂರುತ್ತದೆ, ಕೆಲವು ಕಡೆ ಫಾಸ್ಫೇಟಿನ ಜಾಗಕ್ಕೇ ಪೈಪೋಟಿ ಮಾಡುತ್ತದೆ. ಮಿಕ್ ಪ್ರೋಟೀನಿನ 58ನೇ ಥ್ರಿಯೊನೀನ್ ಇದಕ್ಕೆ ಹಳೆಯ ಉದಾಹರಣೆ. ಕೈನೇಸ್‌ಗಳು ನೂರಾರು ಇದ್ದರೆ, ಜೀವಕೋಶದೊಳಗೆ ಈ ಸಕ್ಕರೆ ಹಾಕುವ ಮುಖ್ಯ ಕಿಣ್ವ ಒಂದೇ, ತೆಗೆಯುವುದೂ ಒಂದೇ. ಅದು ಯಾವಾಗ ಎಲ್ಲಿಗೆ ಹೋಗಬೇಕು ಅಂತ ಹೇಗೆ ತೀರ್ಮಾನವಾಗುತ್ತದೆ ಅನ್ನುವುದೇ ಒಂದು ದೊಡ್ಡ ವಿಷಯ, ಇಲ್ಲಿ ಬಿಡೋಣ.

ಇಷ್ಟು ಓದಿದ ಮೇಲೆ ಎಲ್ಲ ಗುರುತೂ ಎಲ್ಲದರ ಜೊತೆ ಮಾತಾಡುತ್ತದೆ ಅನ್ನಿಸಬಹುದು. ಹಾಗೇನಿಲ್ಲ. ಲೆಕ್ಕ ಹಾಕಿದರೆ, ಹತ್ತು ಜಾಗಗಳಲ್ಲಿ ಗುರುತು ಇದ್ದರೂ ಇಲ್ಲದಿದ್ದರೂ ಆಗುವ ಪ್ರೋಟೀನಿಗೆ 1024 ರೂಪಗಳು ಸಾಧ್ಯ. ಭಾಷಣಗಳಲ್ಲಿ ಈ ಸಂಖ್ಯೆ ಹೇಳಿ ಬೆರಗು ಹುಟ್ಟಿಸುವುದು ಸುಲಭ. ಆದರೆ ಸರದಿ ಮತ್ತು ಪೈಪೋಟಿ ಇರುವುದರಿಂದಲೇ ಜೀವಕೋಶದಲ್ಲಿ ನಿಜಕ್ಕೂ ಇರುವ ರೂಪಗಳು ಅದಕ್ಕಿಂತ ತುಂಬ ಕಡಿಮೆ. ಜೊತೆಗೆ, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಸಿಕ್ಕ ಪ್ರತಿ ಫಾಸ್ಫೇಟಿಗೂ ಕೆಲಸ ಇರಬೇಕು ಅಂತ ನಾನು ನಂಬುವುದಿಲ್ಲ. ಕೈನೇಸ್ ಹತ್ತಿರ ಹಾದುಹೋದ ಸೆರೀನ್‌ಗೆ ಸುಮ್ನೆ ಬಿದ್ದ ಫಾಸ್ಫೇಟ್‌ಗಳೂ ಇರುತ್ತವೆ.

ನಿಮ್ಮ ಎರಡನೇ ಪ್ರಶ್ನೆ, ಪ್ರಯೋಗದ್ದು. ಇಲ್ಲಿ ಮೊದಲ ತೊಡಕು ಅಳತೆಯ ವಿಧಾನದಲ್ಲೇ ಇದೆ. ಸಾಮಾನ್ಯವಾಗಿ ಪ್ರೋಟೀನನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ತುಂಡು ಮಾಡಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕುತ್ತೇವೆ. ಫಾಸ್ಫೇಟ್ ಇದ್ದರೆ ತೂಕ ಸುಮಾರು 80 ಡಾಲ್ಟನ್ (ಅಣುಗಳ ತೂಕದ ಮಾನ) ಹೆಚ್ಚು. ಅಸಿಟೈಲ್ ಇದ್ದರೆ 42. ಮೂರು ಮೀಥೈಲ್ ಇದ್ದರೂ 42! ದಶಮಾಂಶದಲ್ಲಿ ನೋಡಿದರೆ 42.011 ಮತ್ತು 42.047. ಆ ವ್ಯತ್ಯಾಸ ಹಿಡಿಯುವಷ್ಟು ನಿಖರವಾದ ಯಂತ್ರ ಇರಬೇಕು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ತುಂಡು ಮಾಡಿದ ಮೇಲೆ ಒಂದು ತುಂಡಿನ ಫಾಸ್ಫೇಟ್ ಮತ್ತು ಇನ್ನೊಂದು ತುಂಡಿನ ಅಸಿಟೈಲ್ ಮೊದಲು ಒಂದೇ ಅಣುವಿನಲ್ಲಿ ಇದ್ದವೋ ಬೇರೆ ಬೇರೆ ಅಣುಗಳಲ್ಲಿ ಇದ್ದವೋ ಗೊತ್ತಾಗುವುದಿಲ್ಲ. ಶೇ. 50 ಅಣುಗಳಲ್ಲಿ ಫಾಸ್ಫೇಟ್, ಶೇ. 50ರಲ್ಲಿ ಅಸಿಟೈಲ್ ಸಿಕ್ಕಿತು ಅನ್ನಿ. ಎರಡೂ ಯಾವಾಗಲೂ ಒಟ್ಟಿಗೇ ಇರಬಹುದು, ಎಂದೂ ಒಟ್ಟಿಗೆ ಇರದೆಯೂ ಇರಬಹುದು. ಅಂಕಿ ಎರಡಕ್ಕೂ ಒಂದೇ. ಇದಕ್ಕಾಗಿಯೇ ದೊಡ್ಡ ತುಂಡುಗಳನ್ನು, ಸಾಧ್ಯವಾದರೆ ಇಡೀ ಪ್ರೋಟೀನನ್ನೇ ತೂಗುವ ವಿಧಾನಗಳಿವೆ. ಕಷ್ಟ ಜಾಸ್ತಿ, ಆದರೆ ಈ ಪ್ರಶ್ನೆಗೆ ನೇರ ಉತ್ತರ ಕೊಡುವುದು ಅವೇ.

ಗುರುತನ್ನು ಪತ್ತೆ ಮಾಡಲು ಅದನ್ನು ಹಿಡಿಯುವ ಆಂಟಿಬಾಡಿ ಬಳಸುವುದಾದರೆ ಒಂದು ಬಲೆ ಇದೆ. ಎಚ್3ಯ 9ನೇ ಲೈಸೀನ್ ಮೀಥೈಲನ್ನು ಹಿಡಿಯುವ ಆಂಟಿಬಾಡಿಗೆ ಪಕ್ಕದ 10ನೇ ಸೆರೀನ್ ಮೇಲಿನ ಫಾಸ್ಫೇಟ್ ಅಡ್ಡಿ ಮಾಡಬಹುದು. ಬ್ಲಾಟ್‌ನಲ್ಲಿ, ಅಂದರೆ ಆಂಟಿಬಾಡಿ ಹಿಡಿದದ್ದು ಪಟ್ಟಿಯಾಗಿ ಕಾಣುವ ಪರೀಕ್ಷೆಯಲ್ಲಿ, ಪಟ್ಟಿ ಮಾಯವಾದರೆ ಮೀಥೈಲ್ ಹೋಯಿತು ಅಂದುಕೊಳ್ಳುತ್ತೀರಿ, ನಿಜಕ್ಕೂ ಆಂಟಿಬಾಡಿಗೆ ಕಾಣಲಿಲ್ಲ ಅಷ್ಟೇ. ಎರಡೂ ಗುರುತು ಇರುವ ಕೃತಕ ಪೆಪ್ಟೈಡ್ (ಪ್ರೋಟೀನಿನ ಚಿಕ್ಕ ತುಂಡು) ಮೇಲೆ ಆಂಟಿಬಾಡಿಯನ್ನು ಪರೀಕ್ಷಿಸಿಕೊಳ್ಳದೆ ಇಂಥ ಫಲಿತಾಂಶ ನಂಬಬೇಡಿ.

ಮ್ಯುಟೇಷನ್ ಮಾಡಿ ನೋಡುವಾಗಲೂ ಹೀಗೇ. ಲೈಸೀನನ್ನು ಅರ್ಜಿನೀನ್ ಮಾಡಿದರೆ ಅಸಿಟೈಲ್ ಮಾತ್ರ ಅಲ್ಲ, ಆ ಲೈಸೀನಿಗೆ ಬರುತ್ತಿದ್ದ ಯುಬಿಕ್ವಿಟಿನ್ನೂ ಹೋಗುತ್ತದೆ, ಮೀಥೈಲೂ ಹೋಗುತ್ತದೆ. ಹಾಗಾಗಿ ಪೈಪೋಟಿ ಇದೆ ಅಂತ ತೋರಿಸಲು ಅದೊಂದೇ ಸಾಲದು. ಸೆರೀನ್ ಬದಲು ಆಸ್ಪಾರ್ಟೇಟ್ ಹಾಕಿ ಫಾಸ್ಫೇಟಿನ ನಕಲು ಅನ್ನುತ್ತಾರೆ. ಆದರೆ ಆಸ್ಪಾರ್ಟೇಟಿಗೆ ಒಂದು ಋಣ ವಿದ್ಯುದಂಶ, ಫಾಸ್ಫೇಟಿಗೆ ಸುಮಾರು ಎರಡು, ಆಕಾರವೂ ಬೇರೆ. ಫಾಸ್ಫೇಟ್ ಹುಡುಕಿ ಹಿಡಿಯುವ 14-3-3 ಪ್ರೋಟೀನ್‌ಗಳಂತೂ ಸಾಮಾನ್ಯವಾಗಿ ಈ ನಕಲಿಗೆ ಮರುಳಾಗುವುದಿಲ್ಲ. ನಕಲು ಕೆಲಸ ಮಾಡಿದರೆ ಒಳ್ಳೆಯ ಸುಳಿವು. ಮಾಡದಿದ್ದರೆ ಏನನ್ನೂ ತೀರ್ಮಾನಿಸಬೇಡಿ.

ನಿಮ್ಮ ಪ್ರಾಜೆಕ್ಟಿಗೆ ಅಂತಾದರೆ ನಾನು ಹೀಗೆ ಶುರು ಮಾಡುತ್ತಿದ್ದೆ. ಎರಡು ಗುರುತು ಮಾತ್ರ ಆರಿಸಿಕೊಳ್ಳಿ, ಎರಡಕ್ಕೂ ಹಾಕುವ ಕಿಣ್ವ ಗೊತ್ತಿರಲಿ. ಜೀವಕೋಶ ಒಡೆಯುವ ದ್ರಾವಣಕ್ಕೆ ಫಾಸ್ಫಟೇಸ್ (ಫಾಸ್ಫೇಟ್ ತೆಗೆಯುವ ಕಿಣ್ವ) ತಡೆಯುವ ರಾಸಾಯನಿಕ ಸೇರಿಸಲು ಮರೆಯಬೇಡಿ, ಇಲ್ಲದಿದ್ದರೆ ಅಳೆಯುವ ಮೊದಲೇ ಗುರುತು ಅಳಿದಿರುತ್ತದೆ. ಯುಬಿಕ್ವಿಟಿನ್ ನೋಡುವುದಾದರೆ ಪ್ರೋಟಿಯಸೋಮ್ ತಡೆಯುವುದನ್ನೂ, ಯುಬಿಕ್ವಿಟಿನ್ ಕಳಚುವ ಕಿಣ್ವಗಳನ್ನು ತಡೆಯುವುದನ್ನೂ ಸೇರಿಸಿ. ಆಮೇಲೆ ಮೊದಲ ಕಿಣ್ವವನ್ನು ತಡೆದು ಎರಡನೇ ಗುರುತು ಇಳಿಯುತ್ತದೆಯೇ ನೋಡಿ, ಕೆಲವು ನಿಮಿಷಗಳಿಂದ ಹಿಡಿದು ಹಲವು ಹೊತ್ತಿನಲ್ಲಿ. ನಂತರ ಎರಡನೇ ಕಿಣ್ವವನ್ನು ತಡೆದು ಮೊದಲನೆಯದು ಇಳಿಯುತ್ತದೆಯೇ ನೋಡಿ. ಒಂದು ಕಡೆ ಮಾತ್ರ ಇಳಿದರೆ ಸರದಿ ಇರುವ ಸಾಧ್ಯತೆ. ಒಂದನ್ನು ತಡೆದಾಗ ಇನ್ನೊಂದು ಏರಿದರೆ ಪೈಪೋಟಿ ಇರಬಹುದು. ಕೊನೆಗೆ ಶುದ್ಧ ಮಾಡಿದ ಪ್ರೋಟೀನ್ ಮತ್ತು ಎರಡೇ ಕಿಣ್ವಗಳನ್ನು ಟ್ಯೂಬಿನಲ್ಲಿ ಹಾಕಿ, ಕ್ರಮ ಅದಲುಬದಲು ಮಾಡಿ ಅದೇ ಫಲ ಬರುತ್ತದೆಯೇ ಪರೀಕ್ಷಿಸಿ. ಜೀವಕೋಶದಲ್ಲಿ ಕಂಡದ್ದು ಟ್ಯೂಬಿನಲ್ಲಿ ಕಾಣದಿದ್ದರೆ ನಡುವೆ ಮೂರನೆಯ ಪ್ರೋಟೀನ್ ಇರಬಹುದು, ಬೀಟಾ-ಕ್ಯಾಟೆನಿನ್‌ಗೆ ಆಕ್ಸಿನ್ ಇದ್ದ ಹಾಗೆ. ಆಗ ಅದನ್ನು ಹುಡುಕಲು ಹೊರಡಿ.